ಉತ್ತರ ದಿಕ್ಕಿನ ಲಾನ್ ಮಳೆಗಾಲ ಮುಗಿಯುತ್ತಲೇ ಹಳದಿ: ಈಗ ಮಣ್ಣು, ಗೊಬ್ಬರ ಹಾಕಿಸಬಹುದೇ?

ಅಂಗಳದಹುಲ್ಲು (ಪ್ರಶ್ನೆ)

ಊರು ಮೈಸೂರು. ಉತ್ತರ ದಿಕ್ಕಿನ ಮನೆ, ಕೆಳಗೊಂದು ಮೇಲೊಂದು, ಪ್ಯಾರಾಪೆಟ್ ಸೇರಿ ಸುಮಾರು 24 ಅಡಿ ಎತ್ತರ. ವಾಸ್ತು ನೋಡಿ ಉತ್ತರಕ್ಕೆ ಜಾಗ ಬಿಟ್ಟಿದ್ದೇವೆ. ಗೋಡೆಯಿಂದ ಕಾಂಪೌಂಡಿನ ಕಡೆಗೆ 20 ಅಡಿ, ಉದ್ದ 25 ಅಡಿ, ಅಂದರೆ 500 ಚದರ ಅಡಿ ಮೆಕ್ಸಿಕನ್ ಹುಲ್ಲು. ಹಾಕಿಸಿ ನಾಲ್ಕು ವರ್ಷ. ಕೆಂಪು ಮಣ್ಣು. ನೀರು ಬೋರ್‌ವೆಲ್‌ನದು, ಬಕೆಟ್ ಅಂಚಿಗೆ ಬಿಳಿ ಸುಣ್ಣ ಕಟ್ಟುವಷ್ಟು ಗಡಸು.

ಈಗ ಅಕ್ಟೋಬರ್ ಕೊನೆ, ಸ್ವಾತಿ ಮಳೆ ಆಗೊಮ್ಮೆ ಈಗೊಮ್ಮೆ ಬರುತ್ತಿದೆ. ತೊಂದರೆ ಮೂರು ಕಡೆ ಮೂರು ಥರ ಕಾಣುತ್ತಿದೆ. ಗೋಡೆಯ ಪಕ್ಕದ ಐದಾರು ಅಡಿಯಲ್ಲಿ ಹುಲ್ಲು ತೆಳ್ಳಗಾಗಿ ಹಳದಿ ಬಂದಿದೆ, ನೆಲದ ಮೇಲೆ ಹಸಿರು ಪಾಚಿ ಕೂತಿದೆ. ನಡುವೆ ಎರಡು ಕಡೆ ಊಟದ ತಟ್ಟೆಯಷ್ಟಗಲ ಕಂದು ಬಣ್ಣಕ್ಕೆ ತಿರುಗಿದೆ, ಅಲ್ಲಿ ಕಾಲಿಟ್ಟರೆ ಮೆತ್ತಗಿದೆ. ಕಾಂಪೌಂಡ್ ಕಡೆ ಹುಲ್ಲು ಚೆನ್ನಾಗಿದೆ, ಆದರೆ ಕೊನ್ನಾರಿ ಕಳೆ ನುಗ್ಗಿದೆ. ಅದೇ ಕಾಂಪೌಂಡ್ ಉದ್ದಕ್ಕೂ ಎಂಟು ಗುಲಾಬಿ, ಎರಡು ದುಂಡು ಮಲ್ಲಿಗೆ ಗಿಡ ಇವೆ.

ಮಾಲಿ ಹೇಳುತ್ತಿರುವುದು: ಒಂದು ಟೆಂಪೊ ಕೆಂಪು ಮಣ್ಣು, ಅರ್ಧ ಟೆಂಪೊ ಕೊಟ್ಟಿಗೆ ಗೊಬ್ಬರ ಬೆರೆಸಿ ಹುಲ್ಲು ಮುಚ್ಚುವಂತೆ ಹರಡಿ, ಮೇಲೆ 2 ಕೆಜಿ ಯೂರಿಯಾ ಎರಚಿದರೆ ತಿಂಗಳಲ್ಲಿ ಹಸಿರಾಗುತ್ತದೆ ಎಂದು. ಹಾಕಿಸಬಹುದೇ? ಗುಲಾಬಿ, ಮಲ್ಲಿಗೆ ಎರಡನ್ನೂ ಈಗಲೇ ಸವರಿಸಬಹುದೇ?

ಮಣ್ಣುಮೊದಲು

ಖಂಡಿತ ಹಾಕಿಸಬೇಡಿ. ಯೂರಿಯಾದ ಲೆಕ್ಕವನ್ನೇ ಮೊದಲು ನೋಡಿ. ಯೂರಿಯಾದಲ್ಲಿ ಸಾರಜನಕ 46%. ನಿಮ್ಮ 500 ಚದರ ಅಡಿ ಎಂದರೆ ಸುಮಾರು 46 ಚದರ ಮೀಟರ್. 2 ಕೆಜಿ ಎರಚಿದರೆ ಚದರ ಮೀಟರ್‌ಗೆ 20 ಗ್ರಾಂ ಸಾರಜನಕ ಬೀಳುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಹುಲ್ಲಿಗೂ ಒಂದು ಸಲಕ್ಕೆ 5 ಗ್ರಾಂ ದಾಟಬಾರದು, ಬೇರು ಸೋತಿರುವಾಗ ಅದರಲ್ಲಿ ಅರ್ಧ ಸಾಕು. 2 ಕೆಜಿ ಹಾಕಿದರೆ ಹುಲ್ಲು ಸುಡುವುದು ಗ್ಯಾರಂಟಿ.

ಮಣ್ಣು ಹರಡುವುದು ಒಳ್ಳೆಯ ಕೆಲಸವೇ, ಆದರೆ ಅದಕ್ಕೆ ಕಾಲ ಇದಲ್ಲ. ನಾವು ಹಾಕುವ ಗರಿಕೆ, ಮೆಕ್ಸಿಕನ್, ಬಫೆಲೊ ಎಲ್ಲವೂ ಬಿಸಿಲುಕಾಲದ ಹುಲ್ಲುಗಳು. ಇವು ಸೊಕ್ಕಿ ಬೆಳೆಯುವುದು ಹಗಲಿನ ಶಾಖ 27ರಿಂದ 35 ಡಿಗ್ರಿ ಇರುವಾಗ. ಮೈಸೂರಿನ ಡಿಸೆಂಬರ್ ರಾತ್ರಿಗಳಲ್ಲಿ ಅವು ಪೂರ್ತಿ ಮಲಗುವುದಿಲ್ಲ, ಆದರೆ ಮುಚ್ಚಿದ ಮಣ್ಣನ್ನು ಸೀಳಿಕೊಂಡು ಮೇಲೆ ಬರುವ ಶಕ್ತಿ ಇರುವುದಿಲ್ಲ. ತಂಪು ದೇಶಗಳ ಹುಲ್ಲಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ದುರಸ್ತಿ ಮಾಡುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಗುವ ಬಹುಪಾಲು ಸಲಹೆ ಅಂಥ ಹುಲ್ಲಿನದು. ನಮ್ಮ ಕಡೆ ಅಗೆತ, ಮಣ್ಣು ಹರಡುವುದು, ತೇಪೆ ಹಾಕುವುದೆಲ್ಲ ರೋಹಿಣಿ, ಮೃಗಶಿರ ಮಳೆಯ ಕಾಲಕ್ಕೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದೊಳಗೆ ಆಗಬೇಕು. ಆಗಲೂ ಪದರ 6 ಮಿಲಿಮೀಟರ್ ಸಾಕು. ಹರಡಿ ಪೊರಕೆಯಿಂದ ಗುಡಿಸಿದ ಮೇಲೆ ಹುಲ್ಲಿನ ತುದಿ ಕಾಣಲೇಬೇಕು. ನಿಮ್ಮ ಜಾಗಕ್ಕೆ ಅದು 280 ಲೀಟರ್, ಎಂಟೊಂಬತ್ತು ಸಿಮೆಂಟ್ ಚೀಲದಷ್ಟು. ಟೆಂಪೊ ಲೋಡಿನ ಮಾತೇ ಬರುವುದಿಲ್ಲ.

ವರ್ಷ ವರ್ಷ ಲೋಡುಗಟ್ಟಲೆ ಹಾಕಿಸುವವರ ಮನೆಗಳಲ್ಲಿ ಲಾನ್ ಮಟ್ಟ ನಡೆಯುವ ಹಾಸಿಗಿಂತ ಮೇಲೆ ಹೋಗುತ್ತದೆ, ಮಳೆನೀರು ಗೋಡೆಯ ಕಡೆಗೆ ತಿರುಗುತ್ತದೆ. ಅರ್ಧ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಪಾರ್ಥೇನಿಯಂ ಬೀಜ ಬರುತ್ತದೆ, ದುಂಬಿಯ ಮರಿಹುಳುವೂ ಬರುತ್ತದೆ. ಹೊರಗಿನ ಕೆಂಪು ಮಣ್ಣಿನಲ್ಲಿ ಕೊನ್ನಾರಿ ಗಡ್ಡೆ ಬರುತ್ತದೆ. ನಿಮ್ಮ ಕಾಂಪೌಂಡ್ ಪಕ್ಕದ ಕೊನ್ನಾರಿ ಹಾಗೆಯೇ ಬಂದಿರುವ ಸಾಧ್ಯತೆ ಹೆಚ್ಚು.

ಯಾವ ಗೊಬ್ಬರವನ್ನೂ ಮುಟ್ಟುವ ಮೊದಲು ಬೇರು ನೋಡಿ. ಮೂರು ತೊಂದರೆಯ ಜಾಗದಲ್ಲೂ ಸನಿಕೆಯಿಂದ ಒಂದು ಅಡಿ ಚೌಕ, ನಾಲ್ಕು ಇಂಚು ಆಳ ಹೆಂಟೆ ಎತ್ತಿ. ಬೇರಿನ ಉದ್ದ ಎಷ್ಟು, ಬಣ್ಣ ಬಿಳಿಯೋ ಕಂದೋ, ಮಣ್ಣಿಗೆ ಕೊಳೆತ ವಾಸನೆ ಇದೆಯೋ, ಒಳಗೆ ಹುಳು ಎಷ್ಟು ಸಿಕ್ಕವು ಎಂದು ಬರೆಯಿರಿ. ಗೋಡೆಯ ಪಕ್ಕ ಸಿಗುವ ಕಲ್ಲು, ಚೂರುಗಳ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಮನೆ ಕಟ್ಟುವಾಗ ಹೂತುಹೋದ ಗಾರೆ.

ನೆರಳುಲೆಕ್ಕ

ಮೇಲಿನ ಮಾತಿಗೆ ಒಂದು ಸೇರಿಸಬೇಕು. ಉತ್ತರ ದಿಕ್ಕಿನ ಲಾನ್‌ಗಳಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ.

ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 24 ಅಡಿಯ ಮನೆ ಆಗ ಉತ್ತರಕ್ಕೆ 17 ಅಡಿ ನೆರಳು ಚೆಲ್ಲುತ್ತದೆ. ನವೆಂಬರ್ ಮೊದಲ ವಾರದಲ್ಲೇ 12 ಅಡಿ. ಮಾರ್ಚ್ 21ಕ್ಕೆ 5 ಅಡಿಗೆ ಇಳಿಯುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ನಿಮ್ಮ ಮನೆಯ ಉತ್ತರಕ್ಕೇ ಹಾಯುತ್ತಾನೆ, ಆಗ ಇಡೀ ಲಾನ್‌ಗೆ ಬಿಸಿಲು. ಹಾಗಾಗಿ ಜೂನ್‌ನಲ್ಲಿ ಹಾಕಿಸಿದ ಹುಲ್ಲು ಮೊದಲ ನಾಲ್ಕು ತಿಂಗಳು ಅದ್ಭುತವಾಗಿ ಬಂದು, ದೀಪಾವಳಿ ಹೊತ್ತಿಗೆ ಸೊರಗುತ್ತದೆ. ಅದನ್ನು ಗೊಬ್ಬರದ ಕೊರತೆ ಎಂದುಕೊಂಡು ಯೂರಿಯಾ ಹಾಕಿದರೆ ನೆರಳಿನಲ್ಲಿ ಎಲೆ ಎಳಸಾಗಿ ಉದ್ದಕ್ಕೆ ಎಳೆಯುತ್ತದೆ, ಬೇರು ಬೆಳೆಯುವುದಿಲ್ಲ, ಇಬ್ಬನಿ ಕೂತ ಕಡೆ ಶಿಲೀಂಧ್ರ ಹಿಡಿಯುತ್ತದೆ.

ಮೆಕ್ಸಿಕನ್ ಹುಲ್ಲು ಗರಿಕೆಗಿಂತ ನೆರಳು ತಡೆಯುತ್ತದೆ ನಿಜ. ಆದರೂ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಇಲ್ಲದೆ ಒತ್ತಾಗಿ ನಿಲ್ಲುವುದಿಲ್ಲ. ನನ್ನ ಸಲಹೆ ಸ್ಪಷ್ಟ: ಗೋಡೆಯಿಂದ 5 ಅಡಿ ಹುಲ್ಲಿನ ಆಸೆ ಬಿಡಿ. ಗೋಡೆಗೆ ತಾಗಿದ ಒಂದೂವರೆ ಅಡಿ, ಸಜ್ಜದ ನೀರು ಬೀಳುವ ಪಟ್ಟಿ, ಒಂದು ಅಡಿ ಆಳ ತೋಡಿ ಕೆಳಗೆ 40 ಮಿಮೀ ಜಲ್ಲಿ, ಮೇಲೆ 20 ಮಿಮೀ ಜಲ್ಲಿ ತುಂಬಿಸಿ. ತಳ ಗೋಡೆಯಿಂದ ಹೊರಗಡೆಗೆ ಇಳಿಜಾರಾಗಿರಲಿ, ಒಂದು ಕೊನೆಯಲ್ಲಿ ಚರಂಡಿಗೋ ಇಂಗುಗುಂಡಿಗೋ ಸೇರಲಿ. ಇಳಿಜಾರಿಲ್ಲದೆ ತೋಡಿದರೆ ಅದೇ ಪಾಯದ ಪಕ್ಕ ನೀರಿನ ತೊಟ್ಟಿಯಾಗುತ್ತದೆ. ಉಳಿದ ಮೂರೂವರೆ ಅಡಿಗೆ ಮಾಂಡೊ ಹುಲ್ಲು, ಫರ್ನ್, ಸಿಂಗೋನಿಯಂ ಯಾವುದಾದರೂ ಬರುತ್ತದೆ. ಮಾಂಡೊ ಹುಲ್ಲನ್ನು ಆರು ಇಂಚಿಗೊಂದು ತೆಂಡೆ ನೆಟ್ಟರೆ ತುಂಬಿಕೊಳ್ಳಲು ವರ್ಷ ಬೇಕು, ಆದರೆ ಆಮೇಲೆ ಕತ್ತರಿಸುವ ಕೆಲಸವೇ ಇಲ್ಲ.

ನಂತರದ 12 ಅಡಿಗೆ ಚಳಿಗಾಲದಲ್ಲಿ ಮಾತ್ರ ನೆರಳು. ಅಲ್ಲಿ ಕತ್ತರಿಸುವ ಎತ್ತರ ಏರಿಸುವುದೇ ಮದ್ದು. ಮಳೆಗಾಲದಲ್ಲಿ 25ರಿಂದ 30 ಮಿಮೀ ಇಟ್ಟಿದ್ದರೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ 40 ಮಿಮೀ ಇಡಿ. ಎಲೆ ಹೆಚ್ಚಿದ್ದರೆ ಸಿಗುವ ಸ್ವಲ್ಪ ಬೆಳಕನ್ನೂ ಹಿಡಿಯುತ್ತದೆ.

ಅಂಗಳದಹುಲ್ಲು

ಎತ್ತಿ ನೋಡಿದೆ. ಗೋಡೆ ಪಕ್ಕ: ಬೇರು ಒಂದು ಇಂಚೂ ಇಲ್ಲ, ಕಂದು, ಮಣ್ಣು ಹಿಟ್ಟಿನ ಮುದ್ದೆಯಂತೆ ಅಂಟು, ಚರಂಡಿ ವಾಸನೆ. ಮೂರು ಇಂಚಿನ ಕೆಳಗೆ ಬೂದು ಚೂರುಗಳು, ವಿನೆಗರ್‌ಗೆ ನೊರೆ ಬಂತು. ನಡುವಿನ ಕಂದು ಜಾಗ: ಹುಲ್ಲು ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಬಂತು, ಕೆಳಗೆ ಬೇರೇ ಇಲ್ಲ. ಒಂದು ಅಡಿ ಚೌಕದಲ್ಲಿ ಏಳು ಗೊಣ್ಣೆಹುಳು, ಕಿರುಬೆರಳು ಗಾತ್ರ. ಕಾಂಪೌಂಡ್ ಕಡೆ: ಬೇರು ಬಿಳಿ, ನಾಲ್ಕು ಇಂಚು ದಾಟಿದೆ. ಆದರೆ ಅಲ್ಲೂ ಹೊಸ ಎಲೆ ಸ್ವಲ್ಪ ಹಳದಿ, ನರ ಮಾತ್ರ ಹಸಿರು.

ಹುಳುವಿಗೆ ಈಗ ಯಾವ ಔಷಧ ಹಾಕಲಿ?

ಗೊಣ್ಣೆವಿಚಾರ

ಈಗ ಔಷಧ ಬೇಡ. ದುಡ್ಡು ದಂಡ, ಯಾಕೆಂದು ಹೇಳುತ್ತೇನೆ.

ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ಗೊಣ್ಣೆಹುಳು ಹೋಲೊಟ್ರೈಕಿಯಾ ಸೆರೇಟಾ ಎಂಬ ದುಂಬಿಯ ಮರಿ. ವರ್ಷಕ್ಕೆ ಒಂದೇ ಪೀಳಿಗೆ. ಏಪ್ರಿಲ್, ಮೇ ತಿಂಗಳ ಮೊದಲ ಜೋರು ಮಳೆ ಬಿದ್ದ ಸಂಜೆ ದುಂಬಿಗಳು ನೆಲದಿಂದ ಎದ್ದು ಬೇವು, ಜಾಲಿ, ಬೋರೆ ಮರಗಳಿಗೆ ಹೋಗಿ ಎಲೆ ತಿನ್ನುತ್ತವೆ, ಬೆಳಗಾಗುವಷ್ಟರಲ್ಲಿ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಜೂನ್, ಜುಲೈನಲ್ಲಿ ಮರಿ ಸಣ್ಣದು, ಮೇಲ್ಮಣ್ಣಿನಲ್ಲೇ ಇರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದಪ್ಪಗಾಗಿ ಬೇರು ಕತ್ತರಿಸುತ್ತದೆ. ಹಾನಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಊಟ ಮುಗಿಯುತ್ತಾ ಬಂದಿರುತ್ತದೆ. ಇನ್ನು ಸ್ವಲ್ಪ ದಿನದಲ್ಲಿ ಅವು ಆಳಕ್ಕಿಳಿದು ಕೋಶವಾಗುತ್ತವೆ, ಮೇಲೆ ಸುರಿದ ಔಷಧ ಅಲ್ಲಿಗೆ ಮುಟ್ಟುವುದಿಲ್ಲ.

ಎರಡು ತಟ್ಟೆಯಷ್ಟೇ ಜಾಗ ತಾನೇ, ಕೈಯಲ್ಲೇ ಮುಗಿಸಿ. ಸತ್ತ ಚಾಪೆ ಸುತ್ತಿ ತೆಗೆಯಿರಿ, ಅದರಾಚೆ ಒಂದು ಅಡಿವರೆಗೆ ಹುಲ್ಲು ಎತ್ತಿ ನೋಡಿ, ಆರು ಇಂಚು ಆಳ ಕೆದಕಿ ಆರಿಸಿ ಸೋಪಿನ ನೀರಿಗೆ ಹಾಕಿ. ಬೆಳಿಗ್ಗೆ ಕೆದಕಿ ಬಿಟ್ಟರೆ ಮೈನಾ, ಕೆಂಬೂತಗಳೂ ಕೆಲಸ ಮಾಡುತ್ತವೆ. ಆಮೇಲೆ ಮಣ್ಣನ್ನು ಕಾಲಿನಿಂದ ಹದವಾಗಿ ತುಳಿದು, ಕಾಂಪೌಂಡ್ ಕಡೆಯ ಗಟ್ಟಿ ಹುಲ್ಲಿನಿಂದ ಅಂಗೈ ಅಗಲದ ತುಂಡುಗಳನ್ನು ಬೇರು ಸಮೇತ ತಂದು ನಾಲ್ಕು ಇಂಚಿಗೊಂದರಂತೆ ಒತ್ತಿ. ಕೊನ್ನಾರಿ ಇರುವ ಕಡೆಯಿಂದ ಮಾತ್ರ ತರಬೇಡಿ. ಜಾಗ ಈಗಲೇ ತುಂಬುವುದಿಲ್ಲ, ಮಾರ್ಚ್‌ನಲ್ಲಿ ಓಡುತ್ತದೆ.

ನಿಜವಾದ ಕೆಲಸ ಮುಂದಿನ ವರ್ಷದ್ದು. ಮೇ ತಿಂಗಳ ಮೊದಲ ಮಳೆಯ ನಂತರ ನಾಲ್ಕೈದು ಸಂಜೆ, ಕತ್ತಲಾದ ಮೇಲೆ, ಹತ್ತಿರದ ಬೇವಿನ ಮರದ ಕೆಳಗೆ ಬಟ್ಟೆ ಹಾಸಿ ಕೊಂಬೆ ಅಲ್ಲಾಡಿಸಿ ದುಂಬಿ ಹಿಡಿಯಿರಿ. ಬೀದಿಯವರೆಲ್ಲ ಸೇರಿ ಮಾಡಿದರೆ ಇನ್ನೂ ಒಳ್ಳೆಯದು. ಆಮೇಲೆ ಜುಲೈ ಮೊದಲೆರಡು ವಾರ, ಪುನರ್ವಸು ಮಳೆಯ ಹೊತ್ತಿಗೆ, ಮರಿ ಸಣ್ಣದಿರುವಾಗ ಮೆಟಾರೈಜಿಯಂ ಎಂಬ ಶಿಲೀಂಧ್ರ ಅಥವಾ ಕೀಟವನ್ನು ಕೊಲ್ಲುವ ಸೂಕ್ಷ್ಮ ಜಂತುಹುಳು ಕೊಡಿ. ಹೆಟರೊರ್‍ಯಾಬ್ಡೈಟಿಸ್ ಇಂಡಿಕಾ ಎಂಬ ಜಂತುವಿನ ಪುಡಿ ರೂಪವನ್ನು ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅಭಿವೃದ್ಧಿಪಡಿಸಿದೆ. ಪ್ರಮಾಣ ಚದರ ಮೀಟರ್‌ಗೆ 2.5 ಲಕ್ಷ ಜಂತು, ನಿಮ್ಮ ಜಾಗಕ್ಕೆ ಸುಮಾರು 1.2 ಕೋಟಿ. ಪ್ಯಾಕೆಟ್ ಮೇಲೆ ಗ್ರಾಂಗೆ ಎಷ್ಟು ಎಂದು ಬರೆದಿರುವುದನ್ನು ನೋಡಿ ತೂಕ ಲೆಕ್ಕ ಹಾಕಿ.

ಇದು ಕೆಲಸ ಮಾಡದಿದ್ದರೆ ಕಾರಣ ಬಹುತೇಕ ಹಾಕಿದ ರೀತಿ. ಇವು ಜೀವಂತ ಪ್ರಾಣಿ, ಬಿಸಿಲಿಗೆ ಸಾಯುತ್ತವೆ. ಸಂಜೆ 5ರ ಮೇಲೆ, ನೆಲ ಮೊದಲೇ ತೋಯಿಸಿ, ಸ್ಪ್ರೇಯರಿನ ಜಾಲರಿ ತೆಗೆದು ಅಥವಾ ಗಿಡಕ್ಕೆ ನೀರು ಹಾಕುವ ಝಾರಿಯಲ್ಲೇ ಹಾಕಿ, ತಕ್ಷಣ ಇನ್ನಷ್ಟು ನೀರು ಕೊಟ್ಟು ಮಣ್ಣಿಗಿಳಿಸಿ. ಎರಡು ವಾರ ನೆಲ ಒಣಗಬಾರದು. ಹದಿನೈದು ದಿನ ಬಿಟ್ಟು ಒಂದು ಹೆಂಟೆ ಎತ್ತಿ ನೋಡಿ. ಸತ್ತ ಹುಳು ಇಟ್ಟಿಗೆ ಕೆಂಪಾಗಿದ್ದರೆ ಈ ಜಂತುವೇ ಕೊಂದಿದೆ ಎಂದರ್ಥ.

ಮಣ್ಣುಮೊದಲು

ಹಾಗಾದರೆ ನಿಮ್ಮ ಲಾನ್‌ನಲ್ಲಿ ಮೂರು ಬೇರೆ ಬೇರೆ ಕಾಯಿಲೆ. ಒಂದೇ ಲೋಡು ಮಣ್ಣು ಮೂರಕ್ಕೂ ಮದ್ದಾಗುತ್ತಿರಲಿಲ್ಲ.

ಗೋಡೆ ಪಕ್ಕ ಬೇರಿಗೆ ಗಾಳಿ ಇಲ್ಲ, ಕೆಳಗೆ ಗಾರೆ ಇದೆ. ನೆರಳುಲೆಕ್ಕ ಅವರು ಹೇಳಿದ ಜಲ್ಲಿ ಪಟ್ಟಿ ಸರಿಯಾದ ದಾರಿ. ತೋಡುವಾಗಲೇ ಐದು ಅಡಿವರೆಗಿನ ಗಾರೆ ಚೂರು ಆರಿಸಿಬಿಡಿ. ಪಾಚಿಗೆ ಸುಣ್ಣ ಹಾಕಿ ಎನ್ನುವವರು ಸಿಗುತ್ತಾರೆ. ನಿಮ್ಮ ಮಣ್ಣಿನಲ್ಲಿ ಸುಣ್ಣ ಆಗಲೇ ಜಾಸ್ತಿ, ಬೇಡವೇ ಬೇಡ. ಪಾಚಿಯನ್ನು ಕೆರೆದು ತೆಗೆಯಿರಿ, ಸಾಕು.

5ರಿಂದ 17 ಅಡಿವರೆಗಿನ ಹುಲ್ಲಿಗೆ ಈಗ ಗಾರ್ಡನ್ ಫೋರ್ಕ್ ಚುಚ್ಚಿ. ನೆಲ ಒದ್ದೆಯಿರಬೇಕು, ರಾಡಿ ಇರಬಾರದು. ಮಳೆ ನಿಂತು ಎರಡು ದಿನ ಬಿಟ್ಟು ಮಾಡಿ. ನಾಲ್ಕು ಇಂಚು ಆಳ, ಐದು ಇಂಚಿಗೊಂದು ಸಾಲು, ಚುಚ್ಚಿ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಅಲ್ಲಾಡಿಸಿ ತೆಗೆಯಿರಿ. ಮೇಲೆ ಏನೂ ಸುರಿಯಬೇಡಿ.

ಕಾಂಪೌಂಡ್ ಕಡೆಯದು ಕಬ್ಬಿಣದ ಕೊರತೆ. ಹೊಸ ಎಲೆ ಹಳದಿ, ನರ ಹಸಿರು ಎಂದರೆ ಕಬ್ಬಿಣ. ಹಳೆ ಎಲೆಯಿಂದ ಹಳದಿ ಶುರುವಾದರೆ ಸಾರಜನಕ. ಗಡಸು ಬೋರ್‌ವೆಲ್ ನೀರು ಮಣ್ಣನ್ನು ಕ್ಷಾರದ ಕಡೆಗೆ ತಳ್ಳುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. 10 ಲೀಟರ್ ನೀರಿಗೆ 50 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ 10 ಗ್ರಾಂ ಸಿಟ್ರಿಕ್ ಆಸಿಡ್. ಸಿಟ್ರಿಕ್ ಆಸಿಡನ್ನು ಮೊದಲು ಕರಗಿಸಿ. ಗಡಸು ನೀರಿಗೆ ನೇರ ಅನ್ನಭೇದಿ ಹಾಕಿದರೆ ತುಕ್ಕಿನ ಗಸಿಯಾಗಿ ತಳ ಸೇರುತ್ತದೆ. ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಕಲಸಿದ ಕೂಡಲೇ ಸಂಜೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗ್ರಾನೈಟ್, ಟೈಲ್ಸ್ ಮೇಲೆ ಬಿದ್ದರೆ ಕಂದು ಕಲೆ ಹೋಗುವುದಿಲ್ಲ, ಮೊದಲೇ ನೀರು ಹಾಕಿ ತೋಯಿಸಿಡಿ, ಬಿದ್ದ ತಕ್ಷಣ ತೊಳೆಯಿರಿ.

ಗೊಬ್ಬರ ಕೊಡುವುದಾದರೆ ಫೆಬ್ರವರಿ ಕೊನೆಯಲ್ಲಿ 500 ಗ್ರಾಂ ಅಮೋನಿಯಂ ಸಲ್ಫೇಟ್. ಗಡಸು ನೀರಿನ ಜಾಗಕ್ಕೆ ಯೂರಿಯಾಗಿಂತ ಇದು ಹಿತ, ಮಣ್ಣನ್ನು ಆಮ್ಲದ ಕಡೆಗೆ ತರುತ್ತದೆ. ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಎರಚಿ. ಎಲೆ ಒಣಗಿರಬೇಕು, ಎರಚಿದ ಕೂಡಲೇ ನೀರು ಹಾಯಿಸಬೇಕು. ಇಬ್ಬನಿ ಇರುವಾಗ ಎರಚಿದರೆ ಹರಳು ಎಲೆಗೆ ಅಂಟಿ ಚುಕ್ಕೆ ಚುಕ್ಕೆ ಸುಡುತ್ತದೆ.

ಹೂದೋಟ

ಗುಲಾಬಿ ಈಗ, ಮಲ್ಲಿಗೆ ಈಗ ಅಲ್ಲ.

ಮಳೆ ಪೂರ್ತಿ ನಿಂತು ನಾಲ್ಕು ದಿನ ಬಿಸಿಲು ಕಂಡ ಮೇಲೆ ಗುಲಾಬಿ ಸವರಿ. ಒದ್ದೆಯಲ್ಲಿ ಸವರಿದರೆ ಕತ್ತರಿಸಿದ ತುದಿಯಿಂದ ಕಪ್ಪಗಾಗಿ ಕೆಳಕ್ಕೆ ಒಣಗುತ್ತಾ ಬರುತ್ತದೆ. ದೊಡ್ಡ ಹೂವಿನ ಹೈಬ್ರಿಡ್ ಜಾತಿಗೆ ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ ಒಂದೂವರೆ ಅಡಿಗೆ ತನ್ನಿ. ಹೊರಮುಖದ ಮೊಗ್ಗಿನಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಕಸಿಯ ಕೆಳಗಿನಿಂದ ಬಂದ ಚಿಗುರನ್ನು ಬುಡದಿಂದಲೇ ಕಿತ್ತು ತೆಗೆಯಿರಿ. ತುದಿಗಳಿಗೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಬೇಕು. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಪಾತ್ರೆ, ಕಬ್ಬಿಣದ್ದು ಬೇಡ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ; ತಾಮ್ರದ ಕೆಂಪು ಅಂಟಿದರೆ ಇನ್ನೂ ಸುಣ್ಣ ಬೇಕು. ಎಂಟು ಗಿಡಕ್ಕೆ ಇದರ ಕಾಲು ಭಾಗ ಮಾಡಿದರೂ ಸಾಕು, ಅವತ್ತೇ ಬಳಸಿ. ಕಪ್ಪುಚುಕ್ಕೆ ಎಲೆಗಳನ್ನು ಗುಡಿಸಿ ಹೊರಹಾಕಿ, ಕಾಂಪೋಸ್ಟ್ ಗುಂಡಿಗೆ ಬೇಡ. ಗಿಡಕ್ಕೆ 3 ಕೆಜಿ ಪೂರ್ತಿ ಕೊಳೆತ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ಸವರಿದ 45 ದಿನದ ಸುಮಾರಿಗೆ ಹೂವು.

ದುಂಡು ಮಲ್ಲಿಗೆಗೆ ನವೆಂಬರ್ ಮಧ್ಯದಿಂದ ನೀರು ಕಡಿಮೆ ಮಾಡಿ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಒಂದೂವರೆ ಅಡಿಗೆ ಸವರಿ, ಉಳಿದ ಎಲೆ ಉದುರಿಸಿ. ಈಗಲೇ ಸವರಿದರೆ ಈ ಮಳೆಯ ತೇವಕ್ಕೆ ಬರೀ ಎಲೆ ಚಿಗುರುತ್ತದೆ, ಮಾರ್ಚ್‌ನ ಮೊಗ್ಗು ಕಡಿಮೆಯಾಗುತ್ತದೆ.

ಕೊನ್ನಾರಿಯನ್ನು ಕೈಯಲ್ಲಿ ಎಳೆದರೆ ಎಲೆ ಮಾತ್ರ ಬರುತ್ತದೆ. ಮೇಲಿನ ಗಡ್ಡೆ ಹೋದರೆ ಸರಪಳಿಯಂತೆ ಕೆಳಗಿರುವ ಗಡ್ಡೆಗಳು ಎಚ್ಚೆತ್ತು ಮೊಳೆಯುತ್ತವೆ. ನೆಲ ಹಸಿಯಿರುವಾಗ ಚೂಪು ಕಳೆಗುದ್ದಲಿಯಿಂದ ಆರು ಇಂಚು ಆಳಕ್ಕೆ ಬಿಡಿಸಿ ಗಡ್ಡೆ ಸಮೇತ ತೆಗೆಯಿರಿ, ಹೊಸದು ಕಂಡ ಎರಡು ವಾರದೊಳಗೆ ಮತ್ತೆ. ಅಷ್ಟರಲ್ಲಿ ತೆಗೆದರೆ ಅದು ಹೊಸ ಗಡ್ಡೆ ಕಟ್ಟುವುದಿಲ್ಲ, ಇದ್ದದ್ದು ಬರಿದಾಗುತ್ತದೆ. ಕಬ್ಬಿಗೆ ಬಳಸುವ ಹ್ಯಾಲೋಸಲ್ಫ್ಯೂರಾನ್ ಎಂಬ ಕಳೆನಾಶಕ ಹಾಕಿ ಎನ್ನುವವರಿದ್ದಾರೆ. ಅದರ ಪ್ರಮಾಣ ಎಕರೆಗೆ 36 ಗ್ರಾಂ, ನಿಮ್ಮ ಇಡೀ ಲಾನ್‌ಗೆ ಅರ್ಧ ಗ್ರಾಂ ಕೂಡ ಆಗುವುದಿಲ್ಲ. ಅಡುಗೆಮನೆ ತಕ್ಕಡಿಯಲ್ಲಿ ಅದನ್ನು ಅಳೆಯಲಾಗದು, ಪಕ್ಕದಲ್ಲಿ ಗುಲಾಬಿ ಇರುವಾಗ ಆ ದಾರಿ ಬೇಡ. ಗ್ಲೈಫೋಸೇಟ್ ಎಂಬ ಕಳೆನಾಶಕ ಲಾನನ್ನೂ ಕೊಲ್ಲುತ್ತದೆ. ಜೊತೆಗೆ ಅದನ್ನು ಕೀಟನಿಯಂತ್ರಣ ಪರವಾನಗಿ ಇದ್ದವರಷ್ಟೇ ಹಾಕಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತ್ತು.

ಅಂಗಳದಹುಲ್ಲು

ತುಂಬಾ ಉಪಕಾರವಾಯಿತು ಎಲ್ಲರಿಗೂ. ಮಣ್ಣಿನ ಲೋಡು ಬೇಡ ಎಂದು ಹೇಳಿಬಿಟ್ಟೆ. ಕೊನೆಯದಾಗಿ ನೀರು: ಈಗ ದಿನಾ ಸಂಜೆ ಹತ್ತು ನಿಮಿಷ ಪೈಪ್ ಹಿಡಿಯುತ್ತಾರೆ. ಚಳಿಗಾಲಕ್ಕೆ, ಬೇಸಿಗೆಗೆ ಎಷ್ಟು?

ನೆರಳುಲೆಕ್ಕ

ದಿನಾ ಸಂಜೆಯದನ್ನು ಇವತ್ತೇ ನಿಲ್ಲಿಸಿ. ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಶಿಲೀಂಧ್ರಕ್ಕೆ ಅನುಕೂಲ, ಮೇಲೆ ಮೇಲೆ ತೋಯಿಸಿದರೆ ಬೇರೂ ಮೇಲೇ ಉಳಿಯುತ್ತದೆ. ಬೆಳಿಗ್ಗೆ 8ರೊಳಗೆ ಕೊಡಿ.

ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೆ 25 ಮಿಮೀ ಲೆಕ್ಕ. ನಿಮ್ಮ 500 ಚದರ ಅಡಿಗೆ ಅದು 1,160 ಲೀಟರ್, ಎರಡು ಸಲಕ್ಕೆ ಹಂಚಿ. ನಾಲ್ಕೈದು ಕಡೆ ನೇರ ಗೋಡೆಯ ಡಬ್ಬಿ ಇಟ್ಟು ಪೈಪ್ ಹಿಡಿಯಿರಿ, 12 ಮಿಮೀ ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ನೋಡಿಕೊಂಡರೆ ಆಮೇಲೆ ಗಡಿಯಾರ ಸಾಕು. ನವೆಂಬರ್‌ನಿಂದ ಜನವರಿವರೆಗೆ ನೆರಳಿನ ಭಾಗಕ್ಕೆ ಇದರ ಅರ್ಧವೂ ಬೇಡ. ಹೆಜ್ಜೆಯಿಟ್ಟ ಗುರುತು ಹುಲ್ಲಿನಲ್ಲಿ ಹಾಗೇ ಉಳಿದರೆ, ಎಲೆ ಮಡಚಿ ಬೂದಿಬಣ್ಣಕ್ಕೆ ತಿರುಗಿದರೆ ಆಗ ಕೊಡಿ.

ಆರ್‌ಒ ಯಂತ್ರದ ಬಿಟ್ಟ ನೀರನ್ನೇ ಸುರಿಯುವ ಅಭ್ಯಾಸ ಹಲವರಿಗಿದೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಹುಲ್ಲಿಗೆ ಬೇಡ, ನೆಲ ಒರೆಸಲು ಬಳಸಿ. ಬಟ್ಟೆ ತೊಳೆದ ಕೊನೆಯ ಸಲದ ನೀರು ಪರವಾಗಿಲ್ಲ. ಬೆಂಗಳೂರಿನಲ್ಲಿರುವವರು ಇದನ್ನು ಓದುತ್ತಿದ್ದರೆ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ ಹುಲ್ಲನ್ನು 50 ಮಿಮೀಗೆ ಬಿಟ್ಟು, ಗೊಬ್ಬರ ಪೂರ್ತಿ ನಿಲ್ಲಿಸಿ, ಎರಡು ವಾರಕ್ಕೊಮ್ಮೆ 12 ಮಿಮೀ ಕೊಟ್ಟರೂ ಮೆಕ್ಸಿಕನ್ ಹುಲ್ಲಿನ ಬುಡ ಬದುಕಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೀಳಬೇಡಿ. ಮುಂಗಾರು ಹಿಡಿದ ಮೇಲೂ ಮೂರು ವಾರ ಚಿಗುರದೆ ಉಳಿದ ಜಾಗಕ್ಕೆ ಮಾತ್ರ ಜೂನ್‌ನಲ್ಲಿ ತೇಪೆ ಹಾಕಿ.